ತಯಾರಿಕೆ ನಿಂತುಹೋದ ಡಸ್ಟರ್ ಡೀಸೆಲ್: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಚಿತ್ರದುರ್ಗದಲ್ಲಿ ಮಾರಾಟಕ್ಕಿರುವ, ಲಕ್ಷ ಕಿಲೋಮೀಟರ್ ದಾಟಿದ 2016ರ ರೆನೋ ಡಸ್ಟರ್ ಡೀಸೆಲ್ ಕಾರನ್ನು ದಾವಣಗೆರೆಗೆ ತರಬಹುದೇ ಎಂದು ಕೇಳಿದ್ದೀರಿ. ತರಬಹುದು, ಆದರೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ತಾಳ ತಪ್ಪದಂತೆ ನಡೆಸುವ ಪಟ್ಟಿ) ಬದಲಿಸಿದ ಬಿಲ್ಲನ್ನು ಕಣ್ಣಾರೆ ನೋಡಿದ ಮೇಲೆ.

ಇದರ 1.5 ಲೀಟರ್ ಎಂಜಿನ್‌ನಲ್ಲಿ ಇರುವುದು ಚೈನ್ ಅಲ್ಲ, ಬೆಲ್ಟ್. ಅದು ಓಡಾಟದಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಸವೆಯುತ್ತದೆ. ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಕೆಡುತ್ತದೆ. ಬಿಲ್ ಇಲ್ಲದಿದ್ದರೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ‘ಮೊನ್ನೆ ತಾನೇ ಹಾಕಿಸಿದ್ದು’ ಎಂಬ ಬಾಯಿಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಡೀಸೆಲ್ ಡಸ್ಟರ್ ತಯಾರಿಕೆ 2020ರಲ್ಲೇ ನಿಂತಿತೆಂದು ಬಿಡಿಭಾಗಗಳ ಬಗ್ಗೆ ಅತಿಯಾಗಿ ಹೆದರಬೇಕಿಲ್ಲ. ನಿಸಾನ್ ಟೆರಾನೊ, ಸನ್ನಿಗಳಲ್ಲೂ ಇದೇ ಎಂಜಿನ್ ಇದ್ದುದರಿಂದ ಅದರ ಭಾಗಗಳು ಸಿಗುತ್ತವೆ. ಬಾಡಿಯ ಭಾಗಗಳನ್ನು ಮಾತ್ರ ಮೊದಲೇ ವಿಚಾರಿಸಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಕ್ಲಚ್ ಪೆಡಲ್‌ನ ರಬ್ಬರ್ ನುಣ್ಣಗೆ ಸವೆದಿದ್ದು ಮೀಟರ್ ಮಾತ್ರ ಕಡಿಮೆ ತೋರಿಸುತ್ತಿದ್ದರೆ ಸರ್ವಿಸ್ ದಾಖಲೆ ಕೇಳಿ. ಹೆದ್ದಾರಿ 48ರಲ್ಲಿ ಓಡಿಸಿದರೆ ಸಸ್ಪೆನ್ಷನ್ನಿನ ಸದ್ದು ತಿಳಿಯದು. ಹಳ್ಳಿಯ ಕಚ್ಚಾ ರಸ್ತೆಗೆ ಇಳಿಸಿ.

ಎರಡೂ ಊರು ಕರ್ನಾಟಕದವೇ ಆದ್ದರಿಂದ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದ್ದರೆ, ಅದನ್ನು ಮಾರುವವರೇ ತೆಗೆಸಿಕೊಡುವವರೆಗೆ ಪೂರ್ತಿ ಹಣ ಕೊಡಬೇಡಿ.