ನೀರು ಕುದಿಯುವಂತಿರಬಾರದು, ಅಷ್ಟೇ

ಸಾಕಿದ ಬಾಲ್ ಪೈಥಾನ್‌ಗೆ (ಒಂದು ಬಗೆಯ ಹೆಬ್ಬಾವು) ಕೊಡಲು ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯನ್ನು ಕರಗಿಸಲೆಂದು ಕುದಿಯುವ ನೀರಿಗೆ ಹಾಕಿದರೆ ಇಲಿಯ ಹೊಟ್ಟೆ ಒಡೆಯುತ್ತದೆ, ಒಳಗೆ ಮಾತ್ರ ಇನ್ನೂ ಗಟ್ಟಿ, ಹಾವು ಮೂಸಿಯೂ ನೋಡುವುದಿಲ್ಲ ಎಂದಿದ್ದೀರಿ. ಆಗುವುದೇ ಹಾಗೆ. ಚರ್ಮ ಬೆಂದು ಮೆತ್ತಗಾಗುತ್ತದೆ, ಒಳಗಿನ ಮಂಜು ಹಾಗೇ ಉಳಿಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ: ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಕರಗಿರುವುದೇ ಇಲ್ಲ.

ಹಿಂದಿನ ರಾತ್ರಿಯೇ ಇಲಿಯನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಚಿಕ್ಕದಾದರೆ ಬೆಳಗ್ಗೆಗೆ ಕರಗಿರುತ್ತದೆ. ದೊಡ್ಡದಕ್ಕೆ 24 ಗಂಟೆ ಬೇಕಾದೀತು. ಕೊಡುವ ಹೊತ್ತಿಗೆ ಚೀಲದ ಸಮೇತ 40–45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 15 ನಿಮಿಷ ಮುಳುಗಿಸಿಡಿ. ನೀರು ಆರಿದರೆ ಬದಲಿಸಿ. ಆಮೇಲೆ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗೋಲಿಯಂತೆ ಗಟ್ಟಿ ಸಿಕ್ಕರೆ ಮತ್ತೆ ನೀರಿಗೇ. ಅರೆಬರೆ ಕರಗಿದ್ದನ್ನು ನುಂಗಿದ ಹಾವು ಅದನ್ನು ಕಕ್ಕಬಹುದು. ಹಾಗೇನಾದರೂ ಆದರೆ ಎರಡು ವಾರ ಏನೂ ಕೊಡಬೇಡಿ, ನಂತರ ಮೊದಲಿಗಿಂತ ಚಿಕ್ಕ ಇಲಿ ಕೊಡಿ.

ಈಗ ಮುಖ್ಯ ವಿಷಯ. ಬಾಲ್ ಪೈಥಾನ್ ತುಟಿಯ ಮೇಲಿನ ಕುಳಿಗಳಿಂದ ಶಾಖ ಗುರುತಿಸುತ್ತದೆ. ಇಲಿಯ ಮೈ ತಣ್ಣಗಿದ್ದರೆ ಹಾವಿಗೆ ಅದು ಬೇಟೆ ಅನ್ನಿಸದಿರಬಹುದು. ಆದ್ದರಿಂದ ಕೊಡುವ ಮುನ್ನ ತಲೆಯ ಭಾಗವನ್ನಷ್ಟೇ ಇನ್ನೊಮ್ಮೆ ಬಿಸಿನೀರಿಗೆ ಹಿಡಿದು, ಮೈ ಒದ್ದೆಯಾಗಿದ್ದರೆ ಒರೆಸಿ, ಉದ್ದನೆಯ ಇಕ್ಕಳದಲ್ಲಿ ಸೊಂಟ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹಾವಿನ ಮುಖಕ್ಕೇ ತಿವಿದರೆ ಅದು ಹೆದರಿ ಮುದುರಿಕೊಳ್ಳುತ್ತದೆ.

ರಾತ್ರಿಯಿಡೀ ಬಿಟ್ಟರೂ ತಿನ್ನದಿದ್ದರೆ ಎಸೆಯಿರಿ, ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಪಾತ್ರೆ, ಇಕ್ಕಳ ಎರಡೂ ಅಡುಗೆಯವುಗಳಿಂದ ಬೇರೆಯೇ ಇರಲಿ, ಕೈಯನ್ನು ಸೋಪು ಹಾಕಿ ತೊಳೆಯಿರಿ.