ಸ್ಪ್ರಿಂಗ್ ಕತ್ತರಿಸಬೇಕೇ, ಟೈರ್ ಬದಲಿಸಬೇಕೇ?

ಪ್ರಶ್ನೆ: ನನ್ನ ಬಳಿ 2019ರ ಮಾರುತಿ ಸ್ವಿಫ್ಟ್ ಝಡ್‌ಎಕ್ಸ್‌ಐ ಇದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಾಣುವ ಖಾಲಿ ಜಾಗ ನನಗೆ ಹಿಡಿಸುತ್ತಿಲ್ಲ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಕಾರು ಕೆಳಗಿಳಿಯುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಟೈರ್ ಅಂಗಡಿಯವರು ಈಗಿರುವ 185/65 ಆರ್15 ತೆಗೆಸಿ 195/50 ಆರ್15 ಹಾಕಿಸಿ ಎನ್ನುತ್ತಾರೆ. ಯಾವುದು ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ಟೈರ್ ಅಂಗಡಿಯವರ ಸಲಹೆಯಿಂದ ನಿಮ್ಮ ಕಾರು ಕೆಳಗಿಳಿಯುವುದು ನಿಜ, ಆದರೆ ನಿಮಗೆ ಹಿಡಿಸದ ಆ ಖಾಲಿ ಜಾಗ ಇನ್ನಷ್ಟು ದೊಡ್ಡದಾಗುತ್ತದೆ. ಲೆಕ್ಕ ಸರಳವಾಗಿದೆ. 185/65 ಎಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡ 65, ಅಂದರೆ ಸುಮಾರು 120 ಮಿ.ಮೀ. 195/50ರಲ್ಲಿ ಆ ಗೋಡೆ 97.5 ಮಿ.ಮೀ. ಮಾತ್ರ. ಆರ್15 ಎಂದರೆ 15 ಇಂಚಿನ ರಿಮ್, ಅದು ಎರಡರಲ್ಲೂ ಒಂದೇ. ಚಕ್ರದ ನಡುಬಿಂದುವೇ ನೆಲಕ್ಕೆ 23 ಮಿ.ಮೀ. ಹತ್ತಿರವಾಗುವುದರಿಂದ ಇಡೀ ಕಾರು ಅಷ್ಟು ಕೆಳಗಿಳಿಯುತ್ತದೆ. ಆದರೆ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಇದ್ದ ದೂರ ಬದಲಾಗದೆ ಟೈರ್ ಮಾತ್ರ ಕುಗ್ಗಿರುವುದರಿಂದ, ಕಮಾನಿನೊಳಗಿನ ಖಾಲಿ ಜಾಗ ಅದೇ 23 ಮಿ.ಮೀ. ಹೆಚ್ಚುತ್ತದೆ. ದೊಡ್ಡಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುವ ಕಾರಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ?

ಇನ್ನೂ ಎರಡು ತೊಂದರೆಗಳಿವೆ. ಟೈರಿನ ವ್ಯಾಸ 621ರಿಂದ 576 ಮಿ.ಮೀ.ಗೆ ಇಳಿದಾಗ ಅದು ಹೆಚ್ಚು ಸುತ್ತು ತಿರುಗುತ್ತದೆ. ಹಾಗಾಗಿ ಈಗ 100 ತೋರಿಸುವ ವೇಗದಲ್ಲಿ ಸ್ಪೀಡೋಮೀಟರ್ ಸುಮಾರು 108 ತೋರಿಸುತ್ತದೆ, ಕಿಲೋಮೀಟರ್ ಲೆಕ್ಕವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಭಾರ ಹೊರುವ ಶಕ್ತಿಯೂ ಕಡಿಮೆಯಾಗುತ್ತದೆ. ಟೈರಿನ ಮೈಮೇಲೆ ಅಳತೆಯ ಪಕ್ಕದಲ್ಲಿ ಬರೆದಿರುವ ಸಂಖ್ಯೆ 88 ಇದ್ದರೆ ಆ ಟೈರ್ 560 ಕೆ.ಜಿ. ಹೊರಬಲ್ಲದು, 82 ಇದ್ದರೆ 475 ಕೆ.ಜಿ. ಮಾತ್ರ. ದೊಡ್ಡ ಅಲಾಯ್ ವೀಲ್ ಬೇಕೇ ಬೇಕೆಂದಿದ್ದರೆ 195/55 ಆರ್16 ನೋಡಿ. ವ್ಯಾಸ ಹೆಚ್ಚುಕಡಿಮೆ ಈಗಿನಷ್ಟೇ ಉಳಿಯುತ್ತದೆ. ಅದರಿಂದ ಕಾರು ಇಳಿಯುವುದಿಲ್ಲ, ಆದರೆ ರಿಮ್ ದೊಡ್ಡದಾಗಿ ಕಮಾನು ತುಂಬಿದಂತೆ ಕಾಣುತ್ತದೆ.

ಖಾಲಿ ಜಾಗ ಕಡಿಮೆಯಾಗಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು, ಕತ್ತರಿಸಬಾರದು. ಭಾರ ಬಿದ್ದಾಗ ಆಗುವ ಕುಗ್ಗುವಿಕೆಯನ್ನು ಸ್ಪ್ರಿಂಗಿನ ಎಲ್ಲ ಸುತ್ತುಗಳೂ ಹಂಚಿಕೊಳ್ಳುತ್ತವೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಉಳಿದ ಸ್ಪ್ರಿಂಗ್ ಶೇಕಡ 20ರಷ್ಟು ಬಿಗಿಯಾಗುತ್ತದೆ. ಆದರೆ ಕಾರು ಇಳಿದಿರುವಷ್ಟು ಮಟ್ಟಿಗೆ ಚಕ್ರ ಮೇಲೇಳಲು ಇರುವ ಅವಕಾಶ ಮೊದಲೇ ಖರ್ಚಾಗಿರುತ್ತದೆ; ಸ್ವಲ್ಪ ದೊಡ್ಡ ಗುಂಡಿ ಬಂದರೆ ಶಾಕ್ ಅಬ್ಸಾರ್ಬರ್ ತನ್ನ ಚಲನೆಯ ಕೊನೆಯಲ್ಲಿ ತಡೆಯಾಗಿರುವ ಬಂಪ್ ಸ್ಟಾಪಿನ ರಬ್ಬರಿಗೆ ಬಡಿಯುತ್ತದೆ. ಅಲ್ಲದೆ ಸ್ಪ್ರಿಂಗಿನ ತುದಿ ಅದಕ್ಕೆಂದೇ ಮಾಡಿದ ತಟ್ಟೆಯಲ್ಲಿ ಕೂರುವಂತೆ ರೂಪುಗೊಂಡಿರುತ್ತದೆ. ಕತ್ತರಿಸಿದ ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟ್ಟರಿನಿಂದ ಕತ್ತರಿಸಿದರಂತೂ ಕಾವಿಗೆ ಉಕ್ಕಿನ ಹದವೇ ಕೆಡುತ್ತದೆ. ಹಿಂದೆ ನಾನೂ ನನ್ನ ಹಳೆಯ ಕಾರಿಗೆ ಇದೇ ಮಾಡಿಸಿ, ಎರಡು ತಿಂಗಳು ಪ್ರತಿ ಗುಂಡಿಗೂ 'ಟಕ್' ಎಂಬ ಸದ್ದು ಕೇಳಿ, ಕೊನೆಗೆ ಹೊಸ ಸ್ಪ್ರಿಂಗ್ ಕೊಂಡವನು.

ನಿಮ್ಮ ಮಾದರಿಗೆಂದೇ ತಯಾರಾದ, 25ರಿಂದ 30 ಮಿ.ಮೀ. ಇಳಿಸುವ ಸ್ಪ್ರಿಂಗುಗಳನ್ನು ನಾಲ್ಕೂ ಚಕ್ರಗಳಿಗೆ ಒಟ್ಟಿಗೆ ಹಾಕಿಸಿ. ಶಾಕ್ ಅಬ್ಸಾರ್ಬರ್ ದಣಿದಿದ್ದರೆ ಅದನ್ನೂ ಬದಲಿಸಿ. ಎತ್ತರ ಬದಲಾದರೆ ಮುಂಚಕ್ರಗಳ ಕೋನ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟಿನ ದಿಕ್ಕನ್ನೂ ಸರಿಪಡಿಸಬೇಕು.

ಆದರೆ ನಮ್ಮ ಹಂಪ್‌ಗಳನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಹೊಂದಿರಬೇಕು. ಸ್ವಿಫ್ಟಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿ.ಮೀ. ಆಗಿರುವುದರಿಂದ, ನಾಲ್ಕೂ ಚಕ್ರಗಳು ಇಂಥ ಹಂಪಿನ ಮೇಲಿದ್ದಾಗ ಕಾರಿನ ಹೊಟ್ಟೆಯ ಕೆಳಗೆ ರಸ್ತೆ ಉಬ್ಬುವುದು ಬರೀ 44 ಮಿ.ಮೀ.; 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನಲ್ಲಿ (ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ) 30 ಕಳೆದರೂ ಧಾರಾಳವಾಗಿ ದಾಟಬಹುದು. ಬಡಾವಣೆಯವರೇ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಕಟ್ಟಿದ ಕಿರಿದಾದ ದಿಂಡಿನ ಕತೆಯೇ ಬೇರೆ. ಅದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಪೂರ್ತಿ ನಿಲ್ಲುವುದರಿಂದ ಅದರ ಇಡೀ ಎತ್ತರವನ್ನು ಹೊಟ್ಟೆಯ ಕೆಳಗೆ ದಾಟಿಸಬೇಕು. ಉಳಿದ 133 ಮಿ.ಮೀ.ನಲ್ಲಿ ನಾಲ್ಕು ಜನ ಕೂತಾಗ ತಗ್ಗುವುದನ್ನೂ ಕಳೆಯಿರಿ. ಮೊದಲು ಬಡಿಯುವುದು ಇಂಜಿನ್ ಚೇಂಬರ್ ಅಥವಾ ಸೈಲೆನ್ಸರ್ ಪೈಪ್.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ವಿಧಿಸುವ ಅವಕಾಶ 2019ರ ತಿದ್ದುಪಡಿಯಲ್ಲಿದೆ. ಕೈ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.

ಪ್ರಶ್ನೆ: ಹಳೆಯ ಕಾರೊಂದನ್ನು ಕೊಳ್ಳಲು ನೋಡುತ್ತಿದ್ದೇನೆ. ಸ್ವಲ್ಪ ತಗ್ಗಾಗಿ ಕಾಣುತ್ತದೆ. ಸ್ಪ್ರಿಂಗ್ ಕತ್ತರಿಸಿದ್ದಾರೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಶಿರಸಿ

ಉತ್ತರ: ಮೊದಲು ಮುಂದಿನ ಟೈರುಗಳ ಒಳಅಂಚನ್ನು ಕೈಯಿಂದ ಸವರಿ ನೋಡಿ, ಹೊರಅಂಚಿಗಿಂತ ನುಣುಪಾಗಿ ಸವೆದಿದ್ದರೆ ಅನುಮಾನ ಪಡಿ. ಬಳಿಕ ಹಿಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಸ್ಪ್ರಿಂಗಿನ ತುದಿಯನ್ನು ಪರೀಕ್ಷಿಸಿ. ಕಾರ್ಖಾನೆಯಿಂದ ಬಂದ ತುದಿಯ ಮೇಲೂ ಬಣ್ಣದ ಲೇಪ ಇರುತ್ತದೆ. ಕತ್ತರಿಸಿದ ತುದಿ ತುಕ್ಕು ಹಿಡಿದಿರುತ್ತದೆ, ಗ್ರೈಂಡರಿನ ಗೀರು ಕಾಣುತ್ತದೆ. ಚಕ್ರ ಜೋತಾಡುವಾಗ ಸ್ಪ್ರಿಂಗನ್ನು ಹಿಡಿದು ತಿರುಗಿಸಿ. ಸಡಿಲವಾಗಿ ಅಲ್ಲಾಡಿದರೆ, ನಾಲ್ಕು ಹೊಸ ಸ್ಪ್ರಿಂಗ್ ಮತ್ತು ಅಲೈನ್‌ಮೆಂಟಿನ ಖರ್ಚನ್ನು ಕಾರಿನ ಬೆಲೆಯಿಂದ ಕಳೆದೇ ಮಾತಿಗೆ ಕೂರಿ.