ಬೋಟಿನ ಹುಡುಗರಿಗೆ ಎಷ್ಟು ಕೊಡಬೇಕು?

ಪ್ರಶ್ನೆ: ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳತಿಯರು ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗ್‌ಗೆಂದು ಮುರುಡೇಶ್ವರಕ್ಕೆ ಹೊರಟಿದ್ದೇವೆ. ನೇತ್ರಾಣಿ ದ್ವೀಪಕ್ಕೆ ಬೋಟು, ಇನ್‌ಸ್ಟ್ರಕ್ಟರ್, ವಿಡಿಯೊ ಎಲ್ಲ ಸೇರಿಸಿ ಹಣ ಕಟ್ಟಿಯಾಗಿದೆ. ಮಾಲ್ಡೀವ್ಸ್‌ಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು ‘ಹತ್ತು ಪರ್ಸೆಂಟ್ ಟಿಪ್ಸ್ ಕೊಡಲೇಬೇಕು’ ಅನ್ನುತ್ತಾರೆ. ಇಲ್ಲೂ ಹಾಗೇನಾ? ಯಾರ ಕೈಗೆ ಕೊಡುವುದು? ಇನ್‌ಸ್ಟ್ರಕ್ಟರ್‌ಗೆ ಕೊಟ್ಟರೆ ಬೇಸರಪಟ್ಟುಕೊಂಡಾರೇ?
— ಓದುಗರು, ತುಮಕೂರು

ಉತ್ತರ: ಆ ಪರ್ಸೆಂಟಿನ ಲೆಕ್ಕ ವಾರಗಟ್ಟಲೆ ಬೋಟಿನಲ್ಲೇ ಉಂಡು ಮಲಗುವ ಪ್ರವಾಸಕ್ಕೆ ಸೇರಿದ್ದು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುವ ನೇತ್ರಾಣಿಗೆ ಅದನ್ನು ಎಳೆದು ತರಬೇಡಿ. ನಾನಾದರೆ ತಲೆಗೆ 200 ರೂಪಾಯಿಯಂತೆ ಒಟ್ಟುಮಾಡಿ ಬೋಟಿನವರಿಗೆ ಕೊಡುತ್ತೇನೆ. ಇನ್‌ಸ್ಟ್ರಕ್ಟರ್ ಮನಸ್ಸಿಗೆ ಹಿಡಿಸಿದರೆ ಅವರಿಗೆ ಬೇರೆಯೇ. ಇದು ನನ್ನ ಲೆಕ್ಕ, ದರಪಟ್ಟಿ ಅಲ್ಲ.

ಬೋಟಿನವರನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಇನ್‌ಸ್ಟ್ರಕ್ಟರ್ ನಿಮ್ಮ ವಿಡಿಯೊದಲ್ಲಿ ಇರುತ್ತಾರೆ, ದಡಕ್ಕೆ ಬಂದಮೇಲೂ ನೆನಪಿರುತ್ತಾರೆ. ಗಾಳಿ ತುಂಬಿದ ಒಂದೊಂದು ಸಿಲಿಂಡರು 15 ಕಿಲೋಗೂ ಭಾರ. ಅದನ್ನು ಅಲುಗಾಡುವ ಬೋಟಿನಲ್ಲಿ ಎತ್ತಿ ಇಳಿಸುವವರು, ಲಂಗರು ಹಾಕುವವರು, ನೀವು ಕೆಳಗಿದ್ದಾಗ ನೀರಮೇಲೆ ಏಳುವ ಗುಳ್ಳೆಗಳ ಮೇಲೆ ಕಣ್ಣಿಟ್ಟಿರುವವರು, ಸೆಳೆತಕ್ಕೆ ದೂರ ಹೋದವರಿಗೆ ಹಗ್ಗ ಎಸೆಯುವವರು ಯಾವ ಫೋಟೊದಲ್ಲೂ ಬರುವುದಿಲ್ಲ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಅಷ್ಟು ದೂರದ ಅಲೆಯಲ್ಲಿ ಹೊಟ್ಟೆ ತೊಳಸದವರು ಕಡಿಮೆ. ನಾನು ಬೋಟಿನ ಅಂಚಿಗೆ ಬಗ್ಗಿ ವಾಂತಿ ಮಾಡುವಾಗ ಹಿಂದಿನಿಂದ ಜಾಕೆಟ್ ಹಿಡಿದುಕೊಂಡು, ‘ಅಕ್ಕಾ, ಬೋಟಿನೊಳಗೆ ನೋಡ್ಬೇಡಿ, ಆ ಗುಡ್ಡ ನೋಡಿ’ ಅಂದವನು ಇನ್‌ಸ್ಟ್ರಕ್ಟರ್ ಅಲ್ಲ, ಡೆಕ್ ತೊಳೆಯುವ ಹುಡುಗ. ಆಮೇಲೆ ಆ ಜಾಗವನ್ನು ತೊಳೆದವನೂ ಅವನೇ. ಮಳೆಗಾಲದಲ್ಲಿ ಈ ಡೈವಿಂಗ್ ಪೂರ್ತಿ ಬಂದ್ ಆಗುತ್ತದೆ, ಆಗ ಅವರಿಗೆ ಈ ಸಂಪಾದನೆಯೂ ಇಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕೊಡುವ ಮೊದಲು ಬೋಟು ನಡೆಸುವವರನ್ನೇ ಕೇಳಿ: ‘ಅಣ್ಣಾ, ನಿಮ್ಮಲ್ಲಿ ಎಲ್ಲರಿಗೂ ಹಂಚಿಕೊಳ್ತೀರಾ, ಬೇರೆ ಬೇರೆ ಕೊಡ್ಲಾ?’ ಕೆಲವು ಕಡೆ ಒಂದೇ ಡಬ್ಬಿ, ಇನ್ನು ಕೆಲವು ಕಡೆ ಕೈಗೆ ಸಿಕ್ಕಿದವರದ್ದು. ಕಚೇರಿಯ ಮೇಜಿನ ಮೇಲೆ ಇಟ್ಟು ಬಂದರೆ ಯಾರಿಗೆ ತಲುಪಿತು ಅಂತ ಗೊತ್ತಾಗುವುದಿಲ್ಲ. ಸಮುದ್ರದ ನಡುವೆ ಫೋನ್‌ಪೇ ನೆಚ್ಚಿಕೊಳ್ಳಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ 100ರ ನೋಟುಗಳಿರಲಿ, ದಡಕ್ಕೆ ಇಳಿಯುವಾಗ ಕೊಡಿ.

ಇನ್‌ಸ್ಟ್ರಕ್ಟರ್ ಬೇಸರಪಟ್ಟುಕೊಂಡದ್ದನ್ನು ನಾನಂತೂ ಕಂಡಿಲ್ಲ. ಆದರೆ ಯಾವುದಕ್ಕೆ ಕೊಡುತ್ತೀರಿ ಅನ್ನುವುದು ಮುಖ್ಯ. ಮೊದಲ ಸಲ ಇಳಿಯುವವರಿಗೆ 12 ಮೀಟರೇ ಗಡಿ. ‘ಇನ್ನೂ ಕೆಳಗೆ ಕರೆದುಕೊಂಡು ಹೋಗ್ತೀನಿ’ ಅನ್ನುವವರಿಗೆ, ವಿಡಿಯೊ ಚೆನ್ನಾಗಿ ಬರಲಿ ಅಂತ ಪಫರ್ ಮೀನನ್ನು ಹಿಡಿದು ಉಬ್ಬಿಸಿ ತೋರಿಸುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಆ ಮೀನು ಜೀವಭಯಕ್ಕೆ ಉಬ್ಬುತ್ತದೆ. ನೀವು ಚಪ್ಪಾಳೆ ತಟ್ಟಿ ನೋಟು ಕೊಟ್ಟರೆ ನಾಳೆ ಮತ್ತೊಂದು ಮೀನಿಗೆ ಅದೇ ಗತಿ. ಗೆಳತಿಯರಲ್ಲಿ ಯಾರಾದರೂ ಕಿವಿನೋವು ಅಂತ ಸನ್ನೆ ಮಾಡಿದಾಗ ಅವಸರಪಡಿಸದೆ ಮೇಲೆ ಕರೆತಂದರೆ, ಅವರಿಗೆ ಧಾರಾಳವಾಗಿ ಕೊಡಿ.

ವಿಡಿಯೊ ನಿಮ್ಮ ಪ್ಯಾಕೇಜಿನಲ್ಲೇ ಇದೆ. ಅದಕ್ಕೆ ಮತ್ತೆ ಕೇಳಿದರೆ ‘ಕಟ್ಟಿದ್ದೇವೆ’ ಅಂದುಬಿಡಿ, ಸಂಕೋಚ ಬೇಡ.

ಪ್ರಶ್ನೆ: ಅಳಿಯ ಮಾಲ್ಡೀವ್ಸ್‌ನಲ್ಲಿ ಒಂದು ವಾರದ ಡೈವಿಂಗ್ ಬೋಟು ಬುಕ್ ಮಾಡಿದ್ದಾನೆ. ಅಲ್ಲಿ ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಮೇಲಿನ ಸಹೋದ್ಯೋಗಿಯ ಹತ್ತು ಪರ್ಸೆಂಟ್ ಕೇಳಿಬರುವುದು ಇಂಥ ಕಡೆಯೇ. ಆದರೂ ಅದು ಸಲಹೆ, ಕಾಯಿದೆಯಲ್ಲ. ಬಿಲ್ಲಿನಲ್ಲಿ ಆಗಲೇ ಸೇವಾ ಶುಲ್ಕ ಸೇರಿದೆಯೇ ಅಂತ ಮೊದಲು ನೋಡಲಿ. ಸಾಮಾನ್ಯವಾಗಿ ಕೊನೆಯ ರಾತ್ರಿ ಲಕೋಟೆಯಲ್ಲಿ ಹಾಕಿ ಎಲ್ಲರಿಗೂ ಸೇರಿದ ಪೆಟ್ಟಿಗೆಗೆ ಹಾಕುತ್ತಾರೆ. ಅಡುಗೆಯವರಿಗೂ, ಸಿಲಿಂಡರು ಹೊತ್ತು ಹಿಂದೆ ಬರುವ ‘ಧೋನಿ’ ಎಂಬ ಪುಟ್ಟ ಹಡಗಿನವರಿಗೂ ಪಾಲಿದೆಯೇ ಅಂತ ಕೇಳಿಕೊಳ್ಳಲಿ. ಡಾಲರ್ ನಡೆಯುತ್ತದೆ. ನಾಣ್ಯ ಬೇಡ, ಹರಿದ ಅಥವಾ ಗೀಚಿದ ನೋಟೂ ಬೇಡ. ಅಲ್ಲಿ ಅವನ್ನು ಬದಲಿಸಿಕೊಳ್ಳುವುದು ಅವರಿಗೆ ಕಷ್ಟ.